ಹನ್ನೊಂದು ಕ್ವಿಂಟಾಲ್ ಸರಕು

ಹಗರಿ ವಿಶ್ವವಿದ್ಯಾಲಯದ ಜನ ಆ ವರ್ಷ ಒಬ್ಬರನ್ನೊಬ್ಬರು ಮುಖ ನೋಡಿ ಮಾತಾಡಿಸುವುದನ್ನು ಬಿಟ್ಟು ಎದೆ ನೋಡಿ ಮಾತಾಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಅಂಗಿಯ ಜೇಬಿನ ಮೇಲೆ, ಇಲ್ಲವೇ ಸೀರೆಯ ಹೆಗಲಿನ ಮೇಲೆ ಸಿಕ್ಕಿಸಿಕೊಂಡ, ಹಪ್ಪಳದಷ್ಟು ತೆಳ್ಳಗಿನ ಒಂದು ದುಂಡು ಬಿಲ್ಲೆ. ಅದು ಹಸಿರಾಗಿದ್ದರೆ "ಬನ್ನಿ ಸಾರ್, ಕಾಫಿ ಕುಡಿಯೋಣ." ಅರಿಶಿನ ಬಣ್ಣವಿದ್ದರೆ ಸುಮ್ಮನೆ ತಲೆಯಾಡಿಸುವುದು. ಕೆಂಪಾಗಿದ್ದರೆ ಎದುರಿಗೆ ಬಂದವರಿಗೆ ಇದ್ದಕ್ಕಿದ್ದಂತೆ ಏನೋ ಅವಸರದ ಕೆಲಸ ನೆನಪಾಗುತ್ತಿತ್ತು.

ಇವತ್ತು ನೀವು ಕೆಲಸಕ್ಕೆ ಹೇಗೆ ಬಂದಿರಿ, ಬರುವಾಗ ಗಾಳಿಗೆ ಎಷ್ಟು ಹೊಗೆ ಬಿಟ್ಟಿರಿ ಎಂಬುದು ದಿನವಿಡೀ ನಿಮ್ಮ ಎದೆಯ ಮೇಲೆ ಕಾಣುವಂತಿದ್ದರೆ ಹೇಗೆ? ಈ ಯೋಚನೆ ಹೊಳೆದದ್ದು ಉಪಕರಣ ವಿಜ್ಞಾನದ ಪ್ರಾಧ್ಯಾಪಕ ತಿಪ್ಪೇಸ್ವಾಮಿಗೆ. ಊರಿನಿಂದ ಹದಿನಾಲ್ಕು ಕಿಲೋಮೀಟರು ದೂರದ ಬಯಲಿನಲ್ಲಿ ಕಟ್ಟಿದ ವಿಶ್ವವಿದ್ಯಾಲಯ ಅದು. ಆರುನೂರು ಜನ ಸಿಬ್ಬಂದಿ, ನಾನೂರು ಕಾರು. ಒಂದೊಂದು ಕಾರಿನಲ್ಲೂ ಒಬ್ಬೊಬ್ಬರೇ, ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ. ವಿಶ್ವವಿದ್ಯಾಲಯದ ಬಸ್ಸು ಮಾತ್ರ ಡ್ರೈವರು, ಕಂಡಕ್ಟರು ಇಬ್ಬರನ್ನೇ ಕೂರಿಸಿಕೊಂಡು ಗಾಂಭೀರ್ಯದಿಂದ ಬಂದು ಹೋಗುತ್ತಿತ್ತು. ಪರಿಸರ ಉಳಿಸಿ ಎಂದು ಸುತ್ತೋಲೆ ಹೊರಡಿಸಿದ್ದಾಯಿತು, ಗಿಡ ನೆಟ್ಟು ಫೋಟೋ ತೆಗೆಸಿಕೊಂಡದ್ದಾಯಿತು. ಗಿಡ ನೆಡುವುದಕ್ಕೂ ಜನ ಕಾರಿನಲ್ಲೇ ಬಂದರು.

ತಿಪ್ಪೇಸ್ವಾಮಿಯ ಬಿಲ್ಲೆಯಲ್ಲಿ ಅಂಥ ದೊಡ್ಡ ಗುಟ್ಟೇನೂ ಇರಲಿಲ್ಲ. ಒಳಗೊಂದು ಪದರ ಹೊಗೆಯ ಕಣಗಳನ್ನು ಹೀರುತ್ತಿತ್ತು. ಇನ್ನೊಂದು ಪದರ ಅಲುಗಾಟವನ್ನು ಓದುತ್ತಿತ್ತು. ನಡೆಯುವವರ ಮೈ ಒಂದು ಬಗೆಯಲ್ಲಿ ಅಲುಗುತ್ತದೆ, ಸೈಕಲ್ಲಿನವರದು ಇನ್ನೊಂದು ಬಗೆ, ಡೀಸೆಲ್ ಗಾಡಿಯ ನಡುಕವೇ ಬೇರೆ. ಹತ್ತಿರದಲ್ಲಿ ಇನ್ನೊಂದು ಬಿಲ್ಲೆಯಿದ್ದರೆ ಎರಡೂ ಒಂದನ್ನೊಂದು ಗುರುತು ಹಿಡಿದು ಗಾಡಿಯ ಹೊಗೆಯನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದವು. ನಾಲ್ಕು ಜನ ಒಂದೇ ಕಾರಿನಲ್ಲಿ ಬಂದರೆ ನಾಲ್ವರಿಗೂ ಕಾಲು ಕಾಲು ಭಾಗ. ಹೆಬ್ಬಾಗಿಲಿನ ಕಮಾನಿನಡಿ ದಾಟುವಾಗ ಬಿಲ್ಲೆಗೆ ಆ ದಿನದ ಬಣ್ಣ ಬೀಳುತ್ತಿತ್ತು. ಬಿದ್ದ ಬಣ್ಣ ಸಂಜೆ ಆರು ಗಂಟೆಯವರೆಗೆ ಏನು ಮಾಡಿದರೂ ಹೋಗುತ್ತಿರಲಿಲ್ಲ.

ಬಿಲ್ಲೆ ಕಡ್ಡಾಯವಾದಾಗ ಮೊದಲಿಗೆ ಎಲ್ಲರೂ ತಮ್ಮ ತಮ್ಮ ಬುದ್ಧಿವಂತಿಕೆ ಖರ್ಚು ಮಾಡಿದರು. ವಾಣಿಜ್ಯ ವಿಭಾಗದವರೊಬ್ಬರು ಬಿಲ್ಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದರು. ಇತಿಹಾಸದವರೊಬ್ಬರು ಸೈಕಲ್ಲಿನಲ್ಲಿ ಬರುವ ಶಿಷ್ಯನ ಅಂಗಿಗೆ ತಮ್ಮ ಬಿಲ್ಲೆ ಸಿಕ್ಕಿಸಿದರು. ಒಡೆಯನ ನಾಡಿ ಸಿಗದೆ ಬಿಲ್ಲೆ ಕಪ್ಪಿಟ್ಟುಕೊಂಡು ಕೂತಿತು. ಕುಲಸಚಿವರು ಮೋರಿಯ ಹತ್ತಿರ ಕಾರಿಳಿದು ಕೊನೆಯ ಎರಡು ಫರ್ಲಾಂಗು ಬೆವರು ಸುರಿಸುತ್ತ ನಡೆದರೂ ಕಾವಲುಗಾರನ ಎದುರಿಗೇ ಕೆಂಪಾದರು. ಆಮೇಲೆ ಬೇರೆ ದಾರಿ ಕಾಣದೆ ಜನ ನಿಜವಾಗಿಯೂ ಬದಲಾದರು. ಬಸ್ಸಿನಲ್ಲಿ ಸೀಟಿಗೆ ಕರವಸ್ತ್ರ ಹಾಕುವ ಕಾಲ ಬಂತು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಸಂಸ್ಕೃತದವರು, ಅರ್ಥಶಾಸ್ತ್ರದವರು ಒಂದೇ ಕಾರು ಹಂಚಿಕೊಂಡು ಹುಣಸೆಕಾಯಿ ತೊಕ್ಕು ಕೊಟ್ಟು ತೆಗೆದುಕೊಳ್ಳುವವರೆಗೆ ಸ್ನೇಹ ಬೆಳೆಸಿದರು. ಬಿಲ್ಲೆಯಿಂದ ಒಳ್ಳೆಯದೂ ಆಯಿತು, ಸುಳ್ಳು ಹೇಳಬಾರದು.

ಇನ್ನು ತಿಪ್ಪೇಸ್ವಾಮಿಯ ಬಿಲ್ಲೆ. ಅದು ಒಂದು ದಿನವೂ ಹಸಿರು ಬಿಟ್ಟು ಬೇರೆ ಬಣ್ಣ ಕಂಡಿರಲಿಲ್ಲ. ಅವನ ಕ್ವಾರ್ಟರ್ಸು ಪ್ರಯೋಗಾಲಯದ ಹಿಂದೆಯೇ ಇತ್ತು, ಮುನ್ನೂರು ಹೆಜ್ಜೆ. ಬಣ್ಣ ಬೀಳಿಸಿಕೊಳ್ಳಲು ಹೆಬ್ಬಾಗಿಲಿಗೆ ಹೋಗಿ ಬರುವುದೇ ಅವನ ದಿನದ ದೊಡ್ಡ ನಡಿಗೆ. ಆದರೂ ಸಭೆಗಳಲ್ಲಿ ಎದೆ ಉಬ್ಬಿಸಿ ನಿಲ್ಲುತ್ತಿದ್ದ.

ಮಾರಕ್ಕ ಆ ಪ್ರಯೋಗಾಲಯದ ಕಸ ಗುಡಿಸುತ್ತ ಹತ್ತೊಂಬತ್ತು ವರ್ಷ ಕಳೆದವಳು. ಕರಿಕಲ್ಲು ಹಟ್ಟಿಯಿಂದ ಬರುವ ಇಪ್ಪತ್ತೆರಡು ಜನ ಗುತ್ತಿಗೆ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳು. ಆ ವರ್ಷ ಅವಳೊಬ್ಬಳನ್ನು ಖಾಯಂ ಮಾಡಲು ವಿಶ್ವವಿದ್ಯಾಲಯ ಒಪ್ಪಿತ್ತು. ಆದರೆ ಕುಲಪತಿ ಡಾ. ರುದ್ರಾರಾಧ್ಯರು ಆಗಷ್ಟೇ ಒಂದು ನಿಯಮ ತಂದಿದ್ದರು: ಹೊಸದಾಗಿ ಖಾಯಂ ಆಗುವವರು ನೂರಿಪ್ಪತ್ತು ಕೆಲಸದ ದಿನ ಬಿಲ್ಲೆ ತೊಡಬೇಕು, ಅದರಲ್ಲಿ ತೊಂಬತ್ತು ದಿನವಾದರೂ ಹಸಿರಿರಬೇಕು. ಹಾಗೆ ಮಾರಕ್ಕನಿಗೊಂದು ಬಿಲ್ಲೆ ಬಂತು. ಉಳಿದ ಇಪ್ಪತ್ತೊಂದು ಜನರ ಹೆಸರು ವಿಶ್ವವಿದ್ಯಾಲಯದ ಯಾವ ಪುಸ್ತಕದಲ್ಲೂ ಇರಲಿಲ್ಲವಾದ್ದರಿಂದ ಅವರಿಗೆ ಬಿಲ್ಲೆಯೂ ಇರಲಿಲ್ಲ.

ಬಿಲ್ಲೆ ಬಂದು ತಿಂಗಳಾಗುತ್ತ ಬಂದಾಗ ಒಂದು ಬೆಳಗ್ಗೆ ಮಾರಕ್ಕ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದಳು.

"ಸಾ, ಇದೊಂಚೂರು ನೋಡಿ. ಕೆಟ್ಟೋಗೈತೇನೋ. ದಿನಾ ಕೆಂಪೇ ತೋರುಸ್ತೈತೆ."

ಅವಳು ಹೆಗಲ ಮೇಲಿನ ಸೆರಗನ್ನು ಸ್ವಲ್ಪ ಸರಿಸಿದಳು. ಕೆಳಗೆ ಬಿಲ್ಲೆ ಕೆಂಪಗೆ ಇತ್ತು. ಇಪ್ಪತ್ತೈದು ದಿನದಿಂದಲೂ ಅವಳು ಹೀಗೆ ಸೆರಗಿನ ತುದಿಯನ್ನು ಎಳೆದು ಅದರ ಮೇಲೆ ಮುಚ್ಚಿಕೊಂಡೇ ಕಸ ಗುಡಿಸುತ್ತಿದ್ದಳು.

"ಹೇಗೆ ಬರ್ತೀಯಾ?" ತಿಪ್ಪೇಸ್ವಾಮಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಮ್ಮ ಈರಣ್ಣನ ಆಟೋದಾಗೆ ಸಾ. ಲಗೇಜ್ ಆಟೋ."

"ಎಷ್ಟು ಹಳೇದು?"

"ನನ್ನ ದೊಡ್ಡ ಮಗಳು ಹುಟ್ಟಿದ ವರ್ಸದ್ದು. ಅವಳಿಗೇ ಈಗ ಇಬ್ರು ಮಕ್ಳು."

ತಿಪ್ಪೇಸ್ವಾಮಿ ನಕ್ಕ. "ಬಿಲ್ಲೆ ಕೆಟ್ಟಿಲ್ಲ ಮಾರಕ್ಕ, ಆ ಆಟೋ ಕೆಟ್ಟಿದೆ. ಬಿಲ್ಲೆ ಯಾವತ್ತೂ ಸುಳ್ಳು ಹೇಳಲ್ಲ."

"ಮತ್ತೇನ್ ಮಾಡ್ಲಿ ಸಾ? ನಮ್ಮ ಹಟ್ಟಿಗೆ ಬಸ್ಸಿಲ್ಲ."

"ನಡ್ಕೊಂಡು ಬಾ. ಆರೋಗ್ಯಕ್ಕೂ ಒಳ್ಳೇದು."

ಅವನು ಅದನ್ನು ಅರ್ಧ ತಮಾಷೆಗೆ ಹೇಳಿದ್ದ. ಹಟ್ಟಿ ಎಷ್ಟು ದೂರ ಎಂದು ಕೇಳಲಿಲ್ಲ. ಆಟೋದಲ್ಲಿ ಇನ್ನೂ ಯಾರು ಯಾರು ಬರುತ್ತಾರೆ ಎಂಬ ಒಂದೇ ಒಂದು ಮಾತು ಕೇಳಬಹುದಿತ್ತು, ಅದನ್ನೂ ಕೇಳಲಿಲ್ಲ. ಮಾರಕ್ಕ "ಆಯ್ತು ಸಾ" ಎಂದು ಸೆರಗು ಸರಿ ಮಾಡಿಕೊಂಡು ಪೊರಕೆ ಕೈಗೆತ್ತಿಕೊಂಡಳು.

ಮರುದಿನವೇ ಅವಳ ಬಿಲ್ಲೆ ಹಸಿರಾಯಿತು. ಮುಂದೆ ದಿನವೂ ಹಸಿರೇ. ಸೆರಗು ಈಗ ಬಿಲ್ಲೆಯ ಮೇಲಿರಲಿಲ್ಲ. "ನೋಡಿದೆಯಾ?" ಎಂದು ತಿಪ್ಪೇಸ್ವಾಮಿ ಒಮ್ಮೆ ಬೆನ್ನು ತಟ್ಟುವ ದನಿಯಲ್ಲಿ ಅಂದಿದ್ದ. ಅವಳು ನಕ್ಕಿದ್ದಳು.

ಇದಾಗಿ ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ಮನೆಯಲ್ಲಿ ಊಟಕ್ಕೆ ಕೂತಿದ್ದ. ಹೆಂಡತಿ ನಾಗವೇಣಿ ಮುದ್ದೆಯ ಮೇಲೆ ಸೊಪ್ಪಿನ ಸಾರು ಬಿಡುತ್ತ ಹೇಳಿದಳು:

"ರೀ, ಆ ಮಾರಕ್ಕನ ಕಾಲು ನೋಡಿದ್ದೀರಾ? ಮಜ್ಜಿಗೆಗೆ ಅಂತ ಬಂದಿದ್ದಳು, ಮೆಟ್ಟಿಲ ಮೇಲೆ ಕೂರಿಸಿ ಹಿಮ್ಮಡಿಗೆ ಎಣ್ಣೆ ಹಚ್ಚಿ ಕಳಿಸಿದೆ. ದಿನಾ ಬೆಳಗ್ಗೆ ಒಂಬತ್ತು ಕಿಲೋಮೀಟರು ನಡೀತಾಳಂತೆ."

"ಹಸಿರು ಬಿಲ್ಲೆ ಬೇಕಲ್ಲ. ನಾನೇ ಹೇಳಿದ್ದು."

"ನೀವಾ?" ನಾಗವೇಣಿ ಸೌಟು ಹಿಡಿದೇ ನಿಂತಳು. "ಆ ಆಟೋ ಹೇಗೂ ಹಟ್ಟಿಯಿಂದ ಬಂದೇ ಬರುತ್ತೆ. ಇಪ್ಪತ್ತೊಂದು ಜನ ಹೆಂಗಸರು ಅದರಲ್ಲೇ ಬರ್ತಾರೆ. ಬಿಲ್ಲೆ ಸಿಕ್ಕಿದ ಪಾಪಕ್ಕೆ ಇವಳೊಬ್ಬಳು ಅದರ ಹಿಂದೆ ಧೂಳು ಕುಡೀತಾ ನಡೀಬೇಕು. ಇವಳೊಬ್ಬಳು ಇಳಿದರೆ ಹೊಗೆ ಎಷ್ಟು ಕಮ್ಮಿ ಆಯ್ತು?"

ತಿಪ್ಪೇಸ್ವಾಮಿಯ ಕೈ ಮುದ್ದೆಯ ಮೇಲೆಯೇ ನಿಂತಿತು. "ಇಪ್ಪತ್ತೊಂದು ಜನವೇ?"

"ಮತ್ತೆ? ಒಂದು ಹಂಡೆ ಅನ್ನ ಬೇಯಿಸಿ ಇಪ್ಪತ್ತೆರಡು ಜನ ಉಣ್ತಾರೆ ಅಂದ್ಕೊಳ್ಳಿ. ಒಬ್ಬಳ ಮುಂದೆ ಮಾತ್ರ ತಟ್ಟೆ ಇದೆ ಅಂತ, ಹಂಡೆ ಅನ್ನಾನೂ ಇವಳೇ ತಿಂದಳು ಅಂದರೆ ಯಾರಾದರೂ ಒಪ್ತಾರಾ?"

ಅವನು ಕೈ ತೊಳೆದು ಎದ್ದ. ನಾಗವೇಣಿ ಹಿಂದಿನಿಂದ ಮಜ್ಜಿಗೆ, ಮಜ್ಜಿಗೆ ಎಂದು ಕೂಗಿದ್ದು ಕೇಳಿಸಲಿಲ್ಲ.

ಬಿಲ್ಲೆ ಕೋಣೆಯೆಂದು ಎಲ್ಲರೂ ಕರೆಯುತ್ತಿದ್ದ ಕೋಣೆಯಲ್ಲಿ ಆರುನೂರು ಬಿಲ್ಲೆಗಳ ಆರುನೂರು ಗೆರೆಗಳು ಪರದೆಯ ಮೇಲೆ ದಿನವೂ ಹರಿಯುತ್ತಿದ್ದವು. ತಿಪ್ಪೇಸ್ವಾಮಿ ಮಾರಕ್ಕನ ಮೊದಲ ದಿನದ ಗೆರೆ ತೆಗೆದ. ಅಲುಗಾಟ ಗಾಡಿಯ ಭಾರವನ್ನೂ ಹೇಳುತ್ತದೆ; ತುಂಬಿದ ಗಾಡಿ ನಿಧಾನ ಅಲುಗುತ್ತದೆ, ಖಾಲಿ ಗಾಡಿ ಕುಣಿಯುತ್ತದೆ. ಬಿಲ್ಲೆ ಭಾರವನ್ನು ಸರಿಯಾಗಿಯೇ ಅಳೆದಿತ್ತು. ಗೆರೆಯ ಕೆಳಗೆ ಮೂರು ಸಾಲು ಇದ್ದವು.

ವಾಹನ: ಸರಕು ಸಾಗಣೆ. ಹೊತ್ತ ಭಾರ: ಹನ್ನೊಂದು ಕ್ವಿಂಟಾಲ್ ಸರಕು. ಪ್ರಯಾಣಿಕರು: ಒಬ್ಬರು.

ಅವನು ಆ ಸಾಲುಗಳನ್ನು ಎರಡು ಸಲ ಓದಿದ. ಸರಕು ಎಂಬ ಪದವನ್ನು ಅಲ್ಲಿ ಹಾಕಿದವನು ಅವನೇ. ಬಿಲ್ಲೆಯಿಲ್ಲದ ಭಾರವನ್ನೆಲ್ಲ ಸರಕು ಎಂದು ಬರೆದುಕೋ ಎಂದು ಎರಡು ವರ್ಷದ ಕೆಳಗೆ ಇದೇ ಕುರ್ಚಿಯಲ್ಲಿ ಕೂತು ಕಲಿಸಿಕೊಟ್ಟಿದ್ದ. ಆಗ ಅವನ ತಲೆಯಲ್ಲಿದ್ದುದು ತರಕಾರಿ ಮೂಟೆ, ಪುಸ್ತಕದ ಪೆಟ್ಟಿಗೆ. ಕೆಲಸಕ್ಕೆ ಬರುವ, ಆದರೆ ಬಿಲ್ಲೆಯಿಲ್ಲದ ಮನುಷ್ಯರು ಇರುತ್ತಾರೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವರಲ್ಲೊಬ್ಬಳು ದಿನವೂ ಅವನ ಮೇಜಿನ ಕೆಳಗೆ ಪೊರಕೆ ಹಾಕುವಾಗ ಅವನು ಕಾಲು ಎತ್ತಿ ಕೂರುತ್ತಿದ್ದ.

ಹೊಗೆಯನ್ನು ಇಪ್ಪತ್ತೆರಡರಿಂದ ಭಾಗಿಸಿ ನೋಡಿದ. ಆ ಹಳೇ ಡಕೋಟಾ ಆಟೋದಲ್ಲಿ ಒತ್ತಿಕೊಂಡು ಬರುವ ಹೆಂಗಸರು ಎಂಜಿನ್ ಗಾಡಿಯಲ್ಲಿ ಬರುವ ಇಡೀ ವಿಶ್ವವಿದ್ಯಾಲಯಕ್ಕಿಂತ ಹಸಿರಾಗಿದ್ದರು. ಮಾರಕ್ಕ ಮೊದಲ ದಿನದಿಂದಲೂ ಹಸಿರು. ಅವಳು ಒಂದು ಹೆಜ್ಜೆಯೂ ನಡೆಯಬೇಕಾಗಿರಲಿಲ್ಲ.

ಆಮೇಲೆ ನಡಿಗೆಯ ಗೆರೆಗಳನ್ನು ತೆಗೆದ. ಮೊದಲ ವಾರ ಎಡ, ಬಲ, ಎಡ, ಬಲ, ಸಮನಾದ ಸಣ್ಣ ಸಣ್ಣ ಏರಿಳಿತ. ನಾಲ್ಕನೇ ವಾರದಿಂದ ಆರು ಕಿಲೋಮೀಟರು ದಾಟಿದ ಮೇಲೆ ಎಡಗಾಲಿನ ಏರಿಳಿತ ಚಿಕ್ಕದಾಗುತ್ತಿತ್ತು. ಆಮೇಲಾಮೇಲೆ ಮೂರನೇ ಕಿಲೋಮೀಟರಿನಿಂದಲೇ. ಈಚಿನ ಗೆರೆಗಳಲ್ಲಿ ಎಡಗಾಲು ನೆಲವನ್ನು ಮುಟ್ಟಿ ಮುಟ್ಟಿ ಎತ್ತುತ್ತಿತ್ತು, ಅಷ್ಟೇ. ಅವಳು ಕುಂಟುತ್ತಿದ್ದಳು. ಅವನ ಬಿಲ್ಲೆ ಅದನ್ನೂ ನಿಷ್ಠೆಯಿಂದ ಬರೆದಿಟ್ಟು, ಅದರ ಕೆಳಗೆ ಹಸಿರು ಎಂದು ಒತ್ತಿತ್ತು.

ಅವತ್ತೇ ಹೋಗಿ ಹೇಳಿಬಿಡಬೇಕಿತ್ತು. ತಿಪ್ಪೇಸ್ವಾಮಿ ಕೆಟ್ಟವನೇನಲ್ಲ, ಹೇಳಬೇಕೆಂದೇ ಎದ್ದ. ಆದರೆ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೂ ಈ ಬಿಲ್ಲೆಯನ್ನು ಕೊಡಬಹುದೇ ಎಂದು ನೋಡಲು ಒಂದು ಸಮಿತಿ ಬರುವುದಿತ್ತು. ಸಮಿತಿ ಬಂದು ಹೋಗುವವರೆಗೆ ಬಿಲ್ಲೆಯ ಲೆಕ್ಕದ ಕ್ರಮವನ್ನು ಮೊಹರು ಮಾಡಿಡಲಾಗಿತ್ತು. ಅದನ್ನು ತೆರೆಯಬೇಕಾದರೆ ಕಾರಣ ಬರೆದುಕೊಡಬೇಕು. ಕಾರಣ ಏನೆಂದು ಬರೆಯುವುದು? ಇಪ್ಪತ್ತೊಂದು ಹೆಂಗಸರನ್ನು ಮೂಟೆ ಎಂದುಕೊಂಡಿದ್ದೆ ಎಂದೇ? ಮೂರು ಸಲ ಪತ್ರ ಬರೆದ, ಮೂರು ಸಲ ಹರಿದ. ಸಮಿತಿ ಬಂದು ಹೋಗಲಿ, ಮಾರನೇ ದಿನವೇ ಸರಿ ಮಾಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಅವಳು ಹೇಗೂ ಹಸಿರಾಗಿಯೇ ಇದ್ದಾಳಲ್ಲ, ಕೆಲಸಕ್ಕೇನೂ ತೊಂದರೆಯಿಲ್ಲವಲ್ಲ ಎಂದೂ ಹೇಳಿಕೊಂಡ. ಆ ಮಾತು ಹೇಳಿಕೊಂಡ ಗಳಿಗೆಯಲ್ಲೇ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಆದರೂ ಅದನ್ನೇ ಹಿಡಿದುಕೊಂಡ.

ಅಂದಿನಿಂದ ಅವನು ಪ್ರಯೋಗಾಲಯಕ್ಕೆ ತಡವಾಗಿ ಹೋಗತೊಡಗಿದ, ಅವಳು ಗುಡಿಸಿ ಹೋದ ಮೇಲೆ. ಬಿಲ್ಲೆ ಕೋಣೆಯಲ್ಲಿ ಮಾತ್ರ ದಿನವೂ ಮೊದಲು ನೋಡುತ್ತಿದ್ದುದು ಅವಳ ಗೆರೆಯನ್ನೇ. ಮನೆಯಲ್ಲಿ ನಾಗವೇಣಿ ಒಮ್ಮೆ ಕೇಳಿದಳು, "ಸರಿ ಮಾಡಿದ್ರಾ ಅದನ್ನ?" ಅವನು "ಮಾಡ್ತಾ ಇದ್ದೀನಿ" ಎಂದ. ಅವಳು ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದು ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಸಮಿತಿ ಬರಲು ವಾರವಿರುವಾಗ ಕುಲಪತಿಗಳು ಕರೆಸಿದರು. ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

"ತಿಪ್ಪೇಸ್ವಾಮಿಯವರೇ, ದಿನಾ ಒಂಬತ್ತು ಕಿಲೋಮೀಟರು! ಇಂಥ ರತ್ನವನ್ನು ನಿಮ್ಮ ವಿಭಾಗದಲ್ಲೇ ಇಟ್ಟುಕೊಂಡು ನಮಗೆ ಹೇಳಲೇ ಇಲ್ಲವಲ್ಲ! ಸಮಿತಿಯವರ ಎದುರಿಗೆ ಆಕೆಗೆ ಹಸಿರು ಶಾಲು ಹೊದಿಸಿ ಸನ್ಮಾನ ಮಾಡೋಣ. ಬಿನ್ನವತ್ತಳೆ ನೀವೇ ಬರೀರಿ, ನೀವೇ ಓದಿ. ಒಂದು ಕಸಗುಡಿಸುವ ಹೆಣ್ಣುಮಗಳ ಮನಸ್ಸನ್ನೂ ಬದಲಿಸಿದೆ ನಮ್ಮ ಬಿಲ್ಲೆ, ಅಂತ ಬರಬೇಕು."

ಹೇಳುವುದಾದರೆ ಆಗಲಾದರೂ ಹೇಳಬೇಕಿತ್ತು. ತಿಪ್ಪೇಸ್ವಾಮಿ ಹೇಳಿದ್ದು, "ಆಗಲಿ ಸಾರ್."

ಬಿನ್ನವತ್ತಳೆ ಬರೆಯಲು ಕೂತರೆ ರೂಢಿಯ ಮಾತುಗಳು ತಾವಾಗಿಯೇ ಬಂದವು. ಪಾದಗಳಿಂದಲೇ ಪ್ರಕೃತಿಯನ್ನು ಪೂಜಿಸಿದ ಮಹಾತಾಯಿ. ಪರಿಸರದ ಕಾಲ್ನಡಿಗೆಯ ಯೋಗಿನಿ. ಬರೆದು ಓದಿಕೊಂಡ. ಪಾದ ಎಂದು ಬರೆದ ಕಡೆಯಲ್ಲೆಲ್ಲ ಎಡಗಾಲಿನ ಗೆರೆ ಕಣ್ಣಿಗೆ ಕಟ್ಟಿತು. ಸಮಾರಂಭದ ಹಿಂದಿನ ಸಂಜೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಅವನು ಮಾರಕ್ಕನನ್ನು ಹುಡುಕಿಕೊಂಡು ಹೋದ. ಅವಳು ವಿಭಾಗದ ಹಿಂದಿನ ಮೆಟ್ಟಿಲ ಮೇಲೆ ಕೂತು, ಕಿತ್ತುಹೋದ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಹಾಕುತ್ತಿದ್ದಳು.

"ಮಾರಕ್ಕ, ನಿಮಗೆ ಒಂದು ಮಾತು ಹೇಳಬೇಕು."

ನಿಮಗೆ ಎಂದದ್ದು ಕೇಳಿ ಅವಳು ಗಾಬರಿಯಿಂದ ಎದ್ದು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ಅಂದಿರಲಿಲ್ಲ. "ಯಾಕೆ ಸಾ, ಕೆಲಸಕ್ಕೇನಾರ ಆಯ್ತಾ?"

ಅವನು ಹೇಳಿದ. ಆಟೋದ ಹೊಗೆಯನ್ನು ಇಪ್ಪತ್ತೆರಡು ಪಾಲು ಮಾಡಬೇಕಿತ್ತು, ತನ್ನ ಲೆಕ್ಕ ಒಂದೇ ಪಾಲು ಮಾಡಿ ಅಷ್ಟನ್ನೂ ನಿಮ್ಮ ತಲೆಗೆ ಕಟ್ಟಿತು, ಕೆಂಪು ಬಂದದ್ದು ತನ್ನ ತಪ್ಪಿನಿಂದ, ನೀವು ನಡೆಯಬೇಕಾಗಿಯೇ ಇರಲಿಲ್ಲ. ಹೇಳುವಾಗ ಅವಳ ಕಾಲನ್ನು ನೋಡಬಾರದು ಎಂದುಕೊಂಡರೂ ಅದನ್ನೇ ನೋಡುತ್ತಿದ್ದ.

ಮಾರಕ್ಕ ಪಿನ್ನು ಹಿಡಿದುಕೊಂಡೇ ಕೇಳಿದಳು, "ಹಂಗಾರೆ ಆಟೋದ್ದು ತಪ್ಪಿರ್ಲಿಲ್ವಾ?"

"ಇಲ್ಲ."

"ನಾನು ಈರಣ್ಣಂಗೆ ಭಾಳ ಬೈದೆ ಸಾ. ನಿನ್ನ ಗಾಡಿಯಿಂದ ನನ್ನ ಮಾನ ಹೋಯ್ತು ಅಂದೆ. ಅವ್ನು ಈಗಲೂ ನೆಟ್ಟಗೆ ಮಾತಾಡಲ್ಲ. ಈ ಹೆಂಗಸ್ರು ಇವಳಿಗೆ ಬಿಲ್ಲೆ ಬಂದ ಮೇಲೆ ಕೊಬ್ಬು ಬಂತು ಅಂತಾರೆ." ಆಮೇಲೆ ಕೇಳಿದಳು, "ನಿಮಗೆ ಯಾವಾಗ ಗೊತ್ತಾಯ್ತು ಸಾ?"

ಈ ಪ್ರಶ್ನೆ ಬಾರದಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡಿದ್ದ. "ನಲವತ್ತೊಂದು ದಿನ ಆಯ್ತು."

ಮಾರಕ್ಕ ಕೂತು ಚಪ್ಪಲಿಗೆ ಪಿನ್ನು ಹಾಕಿ ಮುಗಿಸಿದಳು. "ನಾಳೆ ಶಾಲು ಬ್ಯಾಡ ಅಂದ್ರೆ ಕೆಲಸ ತಗೀತಾರಾ ಸಾ?" ಎಂದಳು.

"ನಾಳೆ ಎಲ್ಲರ ಮುಂದೆ ಹೇಳ್ತೀನಿ" ಎಂದ ತಿಪ್ಪೇಸ್ವಾಮಿ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಅವಳ ಮುಖದಲ್ಲಿ ಗೊತ್ತಾಗಲಿಲ್ಲ.

ಮರುದಿನ ಬೆಳಗಾಗುತ್ತಲೇ ನಾಗವೇಣಿ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕರಿಕಲ್ಲು ಹಟ್ಟಿಗೆ ಬಿಟ್ಟು ಬಂದಳು. ಅಲ್ಲಿಗೆ ಹೋದ ಮೇಲೆಯೇ ಅವನು ಬಿಲ್ಲೆಯನ್ನು ಜೇಬಿನಿಂದ ತೆಗೆದು ಅಂಗಿಗೆ ಸಿಕ್ಕಿಸಿಕೊಂಡ. ಬಾಯಲ್ಲಿ ಹೇಳಿದರೆ ಕುಲಪತಿಗಳು ಅದನ್ನೊಂದು ಸಣ್ಣ ತಾಂತ್ರಿಕ ವಿಷಯ ಮಾಡಿ ತೇಲಿಸಿಬಿಡುತ್ತಾರೆ. ಕಣ್ಣಿಗೆ ಕಾಣಬೇಕು ಎಂದುಕೊಂಡಿದ್ದ. ಈರಣ್ಣನ ಆಟೋದ ಹಿಂದೆ ಹೆಂಗಸರು ಆಗಲೇ ಹತ್ತಿ ಕೂತಿದ್ದರು. ಸಾಯೇಬರೊಬ್ಬರು ಹತ್ತುವುದನ್ನು ಕಂಡು ಎಲ್ಲ ಮಾತು ನಿಂತಿತು. ಆಮೇಲೆ ಯಾರೋ "ಸರ್ಕಳ್ರೇ, ಸಾಯೇಬ್ರಿಗೆ ಜಾಗ ಬಿಡ್ರೇ" ಎಂದರು, ಇನ್ಯಾರೋ ತಮ್ಮ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆ ಬಿಟ್ಟುಕೊಟ್ಟರು. ಮಾರಕ್ಕ ಇರಲಿಲ್ಲ.

ಮೂರು ಕಿಲೋಮೀಟರು ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಅವಳು ಕಂಡಳು. ಒಗೆದು ಮಡಿಸಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಎಡಗಾಲು ನೆಲವನ್ನು ಮುಟ್ಟಿ ಮುಟ್ಟಿ ಎತ್ತುತ್ತಿತ್ತು. ಪರದೆಯ ಮೇಲೆ ನಲವತ್ತೊಂದು ದಿನ ನೋಡಿದ ಅದೇ ಗೆರೆ.

ತಿಪ್ಪೇಸ್ವಾಮಿ ಕೂಗಿ ಆಟೋ ನಿಲ್ಲಿಸಿದ. "ಹತ್ತಿ ಮಾರಕ್ಕ. ಹೇಳಿದ್ನಲ್ಲ, ನಡೆಯೋದು ಬೇಡ."

ಅವಳು ಆಟೋವನ್ನು ನೋಡಿದಳು, ಈರಣ್ಣನನ್ನು ನೋಡಿದಳು, ಅವನ ಎದೆಯ ಮೇಲಿನ ಬಿಲ್ಲೆಯನ್ನು ನೋಡಿದಳು. "ನೀವು ಹೋಗಿ ಸಾ. ನಂದು ಇನ್ನೂ ಮೂರು ದಿನ ಐತೆ."

ತೊಂಬತ್ತು ತುಂಬಲು ಮೂರು ದಿನ. ನಿಮ್ಮ ಮಾತನ್ನು ನಂಬಿ ಒಂದು ಸಲ ಕಾಲು ಕೆಡಿಸಿಕೊಂಡೆ, ಇನ್ನೊಂದು ಸಲ ಕೆಲಸ ಕೆಡಿಸಿಕೊಳ್ಳಲಾರೆ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಈರಣ್ಣ ಗೇರು ಹಾಕಿದ.

ಹೆಬ್ಬಾಗಿಲಿನಲ್ಲಿ ತಳಿರು ತೋರಣ ಕಟ್ಟಿದ್ದರು. ಸಮಿತಿಯವರನ್ನು ಎದುರುಗೊಳ್ಳಲು ಕುಲಪತಿಗಳು, ಕುಲಸಚಿವರು, ವಿಭಾಗಗಳ ಮುಖ್ಯಸ್ಥರು ಸಾಲಾಗಿ ನಿಂತಿದ್ದರು, ಎಲ್ಲರ ಎದೆಯ ಮೇಲೂ ಹಸಿರು. ಆಟೋ ಕಮಾನಿನಡಿ ಬಂದು ನಿಂತಿತು. ತಿಪ್ಪೇಸ್ವಾಮಿ ಹಿಂದಿನಿಂದ ಇಳಿದ. ಅವನ ಬಿಲ್ಲೆ ಕೆಂಪಗಾಯಿತು.

ಇದು ಹೀಗೇ ಆಗುತ್ತದೆಂದು ಅವನಿಗೆ ಗೊತ್ತಿತ್ತು. ಆಗಬೇಕೆಂದೇ ಬಂದಿದ್ದ. ಆದರೂ ಅಷ್ಟು ಕಣ್ಣುಗಳು ಒಮ್ಮೆಲೇ ಎದೆಯ ಮೇಲೆ ಬಿದ್ದಾಗ ಅವನ ಬಲಗೈ ಅವನನ್ನು ಕೇಳದೆ ಮೇಲೆದ್ದು ಬಿಲ್ಲೆಯನ್ನು ಮುಚ್ಚಿಕೊಂಡಿತು. ಆಗ ಅವನಿಗೆ ಮಾರಕ್ಕನ ಸೆರಗು ನೆನಪಾಯಿತು. ಇಪ್ಪತ್ತೈದು ದಿನ. ಮುಖಕ್ಕೆ ರಕ್ತ ನುಗ್ಗಿ ಕಿವಿ ಕಾದವು. ಕೈಯನ್ನು ಬಲವಂತವಾಗಿ ಕೆಳಗಿಳಿಸಿದ.

"ಏನ್ರೀ ಇದು, ಇವತ್ತೇ?" ಕುಲಪತಿಗಳು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ ಮೊದಲು."

"ಆಗಲ್ಲ ಸಾರ್" ಎಂದ ತಿಪ್ಪೇಸ್ವಾಮಿ.

ಸಭಾಂಗಣ ತುಂಬಿತ್ತು. ಹಟ್ಟಿಯ ಹೆಂಗಸರಿಗೆ ಕುರ್ಚಿ ಇರಲಿಲ್ಲವಾದ್ದರಿಂದ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮಾರಕ್ಕ ವೇದಿಕೆಯ ಮೇಲೆ ಕುರ್ಚಿಯ ತುದಿಯಲ್ಲಿ, ಎಡಗಾಲನ್ನು ಸೀರೆಯ ನೆರಿಗೆಯೊಳಗೆ ಅಡಗಿಸಿ ಕೂತಿದ್ದಳು. ಬಿನ್ನವತ್ತಳೆ ಓದಲು ಕರೆದಾಗ ತಿಪ್ಪೇಸ್ವಾಮಿ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

"ನನ್ನ ಬಿಲ್ಲೆ ಕೆಂಪಾಗಿದೆ, ಎಲ್ಲರೂ ನೋಡಿದ್ದೀರಿ" ಎಂದ. "ಇಪ್ಪತ್ತೊಂದು ಜನರ ಜೊತೆ ಒಂದೇ ಗಾಡಿಯಲ್ಲಿ ಬಂದೆ. ಅವರು ಅಲ್ಲಿ ಹಿಂದೆ ನಿಂತಿದ್ದಾರೆ. ನನ್ನ ಬಿಲ್ಲೆ ಅವರನ್ನು ಸರಕು ಅನ್ನುತ್ತೆ. ಹಾಗೆ ಅನ್ನು ಅಂತ ಕಲಿಸಿದವನು ನಾನು. ಈ ತಾಯಿ ನಡೆದದ್ದು ಪರಿಸರದ ಪ್ರೀತಿಗಲ್ಲ, ನನ್ನ ತಪ್ಪಿಗೆ. ಗೊತ್ತಾದ ಮೇಲೂ ನಲವತ್ತೊಂದು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮ ಮುಂದೆ ದೊಡ್ಡವನಾಗಿ ಕಾಣೋ ಆಸೆಗೆ."

ಸಮಿತಿಯ ಅಧ್ಯಕ್ಷೆ, ನರೆತ ಕೂದಲಿನ ಹೆಂಗಸು, ಕನ್ನಡಕ ತೆಗೆದು ಕೇಳಿದರು, "ಸರಿಯಾಗಿ ಲೆಕ್ಕ ಹಾಕಿದರೆ ಈಕೆಗೆ ಎಷ್ಟು ಹಸಿರು ದಿನ?"

"ಎಲ್ಲವೂ ಮೇಡಂ. ನೂರಾ ಹದಿಮೂರು ದಿನವೂ."

"ಹಾಗಿದ್ದರೆ ಖಾಯಂ ಆದೇಶಕ್ಕೆ ಇನ್ನು ಯಾಕೆ ಕಾಯೋದು? ಉಳಿದ ವಿಷಯ ಆಮೇಲೆ ಮಾತಾಡೋಣ" ಎಂದು ಅವರು ಕುಲಸಚಿವರ ಕಡೆ ತಿರುಗಿದರು. ಕುಲಸಚಿವರು ಗಡಿಬಿಡಿಯಿಂದ ಎದ್ದು, ಇವತ್ತೇ ಕೊಡುತ್ತೇವೆ ಎಂದರು. ಹಿಂದಿನ ಗೋಡೆಯ ಹತ್ತಿರ ಒಬ್ಬಳು "ಅವ್ವಯ್ಯ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕುಲಪತಿಗಳು ಹೇಗೋ ನಗು ತಂದುಕೊಂಡು ಹಸಿರು ಶಾಲು ಬಿಡಿಸಿ ಮಾರಕ್ಕನಿಗೆ ಹೊದಿಸಿದರು. ಚಪ್ಪಾಳೆ ಬಿತ್ತು.

ಮಾರಕ್ಕ ಎದ್ದಳು. ವೇದಿಕೆಯ ಮೂಲೆಯಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದ ತಿಪ್ಪೇಸ್ವಾಮಿಯ ಹತ್ತಿರ ಕುಂಟುತ್ತ ಬಂದಳು. ಬೈಯುತ್ತಾಳೆ ಎಂದುಕೊಂಡ ಅವನು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಹೆಗಲ ಮೇಲಿನ ಶಾಲು ತೆಗೆದು ಅವನಿಗೆ ಹೊದಿಸಿ, ಅದರ ಅಂಚನ್ನು ಎದೆಯ ಮೇಲಕ್ಕೆ ಎಳೆದು, ಬಿಲ್ಲೆ ಕಾಣದಂತೆ ಮುಚ್ಚಿದಳು.

"ಮುಚ್ಕಳಿ ಸಾ, ಎಲ್ಲಾ ನೋಡ್ತಾವ್ರೆ" ಎಂದಳು, ಅವನಿಗೆ ಮಾತ್ರ ಕೇಳುವಂತೆ. "ಮೊದಮೊದಲು ಭಾಳ ಉರೀತೈತೆ."

ಸಭೆ ಅದನ್ನು ಗುರುಗಳಿಗೆ ತೋರಿಸಿದ ಗೌರವವೆಂದು ತಿಳಿಯಿತು. ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು, ಫೋಟೋದವನು ಓಡಿ ಬಂದ. ಲ್ಯಾಬು ಇನ್ನೂ ಗುಡಿಸಿಲ್ಲ ಎನ್ನುತ್ತ ಮಾರಕ್ಕ ಮೆಟ್ಟಿಲಿಳಿದು ತನ್ನ ಹೆಂಗಸರ ಕಡೆ ಹೋದಳು. ಅವರು ಅವಳನ್ನು ನಡುವೆ ಸೇರಿಸಿಕೊಂಡು ಹೊರಗೆ ಕರೆದೊಯ್ದರು.

ತಿಪ್ಪೇಸ್ವಾಮಿ ಶಾಲು ತೆಗೆದು ಮಡಿಸಿ ತೋಳಿನ ಮೇಲೆ ಹಾಕಿಕೊಂಡ. ಕೆಂಪು ಬಿಲ್ಲೆ ಮತ್ತೆ ಎಲ್ಲರಿಗೂ ಕಂಡಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆಯಾಗಿತ್ತು. ಆರು ಗಂಟೆಗೆ ಇನ್ನೂ ಬಹಳ ಹೊತ್ತಿತ್ತು.